ಆಟದ ಗಂಟೆಯನ್ನು ಕದ್ದವರು

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೋ ಹೋಗಿ ನೋಡಿ. ನಮ್ಮ ಮಧ್ಯಮ ವರ್ಗವೆಲ್ಲ ಅಲ್ಲಿ ನಡೆಯುತ್ತಿರುತ್ತದೆ. ಕಾಲಿಗೆ ದುಬಾರಿ ಬೂಟು, ಕೈಗೆ ಹೆಜ್ಜೆ ಎಣಿಸುವ ಗಡಿಯಾರ, ಮುಖದಲ್ಲಿ ಡಾಕ್ಟರ ಅಪ್ಪಣೆಯನ್ನು ನೆರವೇರಿಸುತ್ತಿರುವ ಭಯಭಕ್ತಿ. ಅದೇ ಹೊತ್ತಿನಲ್ಲಿ ಅದೇ ಮನೆಗಳ ಮಕ್ಕಳು ಎಲ್ಲಿರುತ್ತಾರೆ? ಟ್ಯೂಷನ್ನಿನಲ್ಲಿ ಕುಳಿತಿರುತ್ತಾರೆ. ಅಲ್ಲಿಂದ ವ್ಯಾನಿನಲ್ಲಿ ಕುಳಿತು ಶಾಲೆಗೆ ಹೋಗಿ, ಶಾಲೆಯಲ್ಲಿ ಕುಳಿತು, ಮತ್ತೆ ವ್ಯಾನಿನಲ್ಲಿ ಕುಳಿತು ಮನೆಗೆ ಬಂದು, ಮೊಬೈಲನ್ನು ಹಿಡಿದು ಕುಳಿತುಕೊಳ್ಳುತ್ತಾರೆ. ಓಡಬೇಕಾದ ವಯಸ್ಸಿನಲ್ಲಿ ಕೂಡಿಸುವುದು, ಕೂರಬೇಕಾದ ವಯಸ್ಸಿನಲ್ಲಿ ಓಡಿಸುವುದು—ಇದು ನಾವು ಕಟ್ಟಿಕೊಂಡಿರುವ ವ್ಯವಸ್ಥೆ. ಈ ವ್ಯವಸ್ಥೆಯೊಡನೆ ನನಗೊಂದು ಜಗಳವಿದೆ. ಅದನ್ನು ಇಲ್ಲಿ ಬಹಿರಂಗವಾಗಿ ಆಡಿಬಿಡುತ್ತೇನೆ.

ನಾನು ವೈದ್ಯನಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ—ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯ. ಕಾಯಿಲೆಯ ವಿಚಾರ ಕನ್ನಡ ಮೇಷ್ಟರಿಗೇಕೆ ಎಂದು ವಾಚಕರು ಕೇಳಬಹುದು. ಕಳ್ಳತನ ನಡೆಯುತ್ತಿರುವುದು ಶಾಲೆಯ ವೇಳಾಪಟ್ಟಿಯಲ್ಲಿ. ಅದರ ಫಲ ಕಾಣಿಸಿಕೊಳ್ಳುವುದು ಆಸ್ಪತ್ರೆಯಲ್ಲಿ. ಎರಡರ ನಡುವೆ ಇಪ್ಪತ್ತು ಮೂವತ್ತು ವರ್ಷಗಳ ಅಂತರವಿರುವುದರಿಂದ ಕಳ್ಳನನ್ನು ಯಾರೂ ಹಿಡಿಯುವುದಿಲ್ಲ. ಆಸ್ಪತ್ರೆಯವರು ಶಾಲೆಯನ್ನು ನೋಡಿಲ್ಲ, ಶಾಲೆಯವರು ಆಸ್ಪತ್ರೆಯನ್ನು ನೋಡುವುದಿಲ್ಲ. ಸಾಕ್ಷಿ ಹೇಳಲು ಒಬ್ಬನಾದರೂ ಬೇಕಷ್ಟೆ.

ಪೇಟೆಯ ಸ್ನೇಹಿತರೊಡನೆ ಈ ಮಾತೆತ್ತಿದರೆ ಬರುವ ಮೊದಲನೆಯ ಉತ್ತರ ಇದು: “ಅದು ನಮ್ಮಂಥವರ ಮಕ್ಕಳ ಪಾಡು, ಸ್ವಾಮಿ. ಹಳ್ಳಿಯ ಹುಡುಗರಿಗೇನು? ಮಣ್ಣಿನಲ್ಲಿ ಆಡಿ, ಮುದ್ದೆ ಉಂಡು, ಗುಂಡುಕಲ್ಲಿನ ಹಾಗಿರುತ್ತಾರೆ.” ಈ ಚಿತ್ರ ಬಹಳ ಸುಂದರವಾಗಿದೆ, ಆದರೆ ಹಳೆಯದು. ಊರು ಬಿಟ್ಟು ಬಂದವರ ಮನಸ್ಸಿನಲ್ಲಿ ಊರು ತಾವು ಬಿಟ್ಟ ದಿನದಂತೆಯೇ ನಿಂತುಬಿಡುತ್ತದೆ. ಇಂದು ಕೆ.ಆರ್. ಪೇಟೆಯಿಂದ ಕಿಕ್ಕೇರಿಗೆ ಹೋಗುವ ದಾರಿಯಲ್ಲಿ, ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ: ಹಳದಿ ಬಣ್ಣದ ಶಾಲಾ ವಾಹನಗಳ ಸಾಲು. ಎರಡು ಮೈಲಿ ದೂರದ ಶಾಲೆಗೆ ಮಗು ಮನೆಯ ಹೊಸ್ತಿಲಲ್ಲಿ ಹತ್ತಿ ಶಾಲೆಯ ಹೊಸ್ತಿಲಲ್ಲಿ ಇಳಿಯುತ್ತದೆ. ಅಪ್ಪನೇ ಗದ್ದೆಗೆ ಬೈಕಿನಲ್ಲಿ ಹೋಗುವಾಗ ಮಗ ಏಕೆ ನಡೆದಾನು? ಲಗೋರಿ, ಚಿನ್ನಿದಾಂಡು, ಮರಕೋತಿ, ಕುಂಟೆಬಿಲ್ಲೆ ಈಗ ಪಠ್ಯಪುಸ್ತಕದಲ್ಲಿ ‘ಗ್ರಾಮೀಣ ಕ್ರೀಡೆಗಳು’ ಎಂಬ ಹೆಸರಿನ ಪಾಠವಾಗಿವೆ. ಪಾಠವಾದ ಮೇಲೆ ಯಾವ ಆಟ ಉಳಿದಿದೆ?

ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ಸೀಮೆಯಲ್ಲ. ಶ್ರೀರಂಗಪಟ್ಟಣ ಪಾಂಡವಪುರಗಳಲ್ಲಿ ಕಾವೇರಿಯ ನಾಲೆ, ಭತ್ತ, ಕಬ್ಬು, ಆಲೆಮನೆ. ಕೆ.ಆರ್. ಪೇಟೆಗೆ ಹೇಮಾವತಿಯ ನೀರು ಬಂದ ಕಡೆ ಒಂದು ಬದುಕು, ಬಾರದ ಕಡೆ ಇನ್ನೊಂದು. ನಾಗಮಂಗಲ ಬಹುಮಟ್ಟಿಗೆ ರಾಗಿ ಹುರುಳಿಯ ಒಣ ಸೀಮೆ. ನೀರಿನಲ್ಲಿ ಇಷ್ಟು ಭೇದವಿದ್ದರೂ ಮಕ್ಕಳನ್ನು ಕೂಡಿಸುವುದರಲ್ಲಿ ಮಾತ್ರ ನಾಲ್ಕೂ ಕಡೆ ಒಂದೇ ಪದ್ಧತಿ. ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ಒಮ್ಮೆಯಲ್ಲ, ಹಲವು ಬಾರಿ ಕಂಡ ನೋಟವಿದು: ಎಪ್ಪತ್ತರ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗುತ್ತಾಳೆ, ಹನ್ನೆರಡರ ಮೊಮ್ಮಗ ಅರ್ಧದಲ್ಲಿ ಕುಳಿತು ಏದುಸಿರು ಬಿಡುತ್ತಾನೆ. ಅಜ್ಜಿ ಬಾಲ್ಯದಲ್ಲಿ ಸಂಪಾದಿಸಿದ್ದನ್ನು ಈಗಲೂ ಖರ್ಚು ಮಾಡುತ್ತಿದ್ದಾಳೆ. ಮೊಮ್ಮಗನ ಬಳಿ ಖರ್ಚಿಗೆ ಏನೂ ಇಲ್ಲ.

ಇದು ಬರಿಯ ಉಪಮೆಯ ಮಾತಲ್ಲ. ದೇಹದ ಒಳಗೆ ಏನು ನಡೆಯುತ್ತದೆಂಬುದನ್ನು ನಾಲೆಯ ಸೀಮೆಯವರಿಗೆ ನಾಲೆಯ ಭಾಷೆಯಲ್ಲೇ ಹೇಳಬಹುದು. ನಾವು ಉಂಡ ಅನ್ನ, ಮುದ್ದೆ, ಬೆಲ್ಲ ಎಲ್ಲವೂ ಸಕ್ಕರೆಯಾಗಿ ರಕ್ತದ ನಾಲೆಗೆ ಇಳಿಯುತ್ತದೆ. ಆ ನೀರನ್ನು ಕುಡಿಯತಕ್ಕ ದೊಡ್ಡ ಗದ್ದೆ ಎಂದರೆ ನಮ್ಮ ಮಾಂಸಖಂಡಗಳು. ಇನ್ಸುಲಿನ್ ಎಂಬ ರಸ ನೀರುಗಂಟಿಯ ಕೆಲಸ ಮಾಡುತ್ತದೆ. ತೂಬೆತ್ತಿ ಗದ್ದೆಗೆ ನೀರು ಬಿಡುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ಕೆಲಸ ಮಾಡುತ್ತಿರುವ ಮಾಂಸಖಂಡ ನೀರುಗಂಟಿಗಾಗಿ ಕಾಯುವುದಿಲ್ಲ, ತಾನೇ ತೂಬು ತೆರೆದುಕೊಳ್ಳುತ್ತದೆ. ಓಡುವ ಮಗುವಿನ ತೊಡೆ ರಕ್ತದಿಂದ ಸಕ್ಕರೆಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಕುಳಿತೇ ಇರುವ ಮಾಂಸಖಂಡವಾದರೋ ದಿನ ಕಳೆದಂತೆ ಮೊಂಡಾಗುತ್ತದೆ. ನೀರುಗಂಟಿ ಕೂಗಿದರೂ ತೂಬು ತೆರೆಯುವುದಿಲ್ಲ. ಆಗ ಗದ್ದೆಗೆ ಹೋಗಬೇಕಾದ ನೀರು ತಗ್ಗಿಗೆ ಹರಿಯುತ್ತದೆ. ಆ ತಗ್ಗೇ ಯಕೃತ್ತು—ನಾವೆಲ್ಲ ಲಿವರ್ ಎನ್ನುವುದು ಅದನ್ನೇ. ಅಲ್ಲಿ ಸಕ್ಕರೆ ಕೊಬ್ಬಾಗಿ ಮಾರ್ಪಟ್ಟು ಕೂರುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2011ರಲ್ಲಿ ಇದನ್ನು ಅಳೆದು ತೋರಿಸಿದರು. ಮೈಯಲ್ಲಿ ಬೊಜ್ಜಿಲ್ಲದಿದ್ದರೂ ಮಾಂಸಖಂಡ ಮೊಂಡಾಗಿದ್ದ ಯುವಕ ಯುವತಿಯರಿಂದ ಒಂದೇ ಸಲ 45 ನಿಮಿಷ ವ್ಯಾಯಾಮ ಮಾಡಿಸಿ ಆಮೇಲೆ ಊಟ ಕೊಟ್ಟರು. ಆ ಊಟದಿಂದ ಲಿವರ್ ತಯಾರಿಸುವ ಕೊಬ್ಬು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿಯಿತು. ಒಂದು ದಿನದ ಮುಕ್ಕಾಲು ಗಂಟೆ ಇಷ್ಟು ಮಾಡುವುದಾದರೆ, ಆರನೆಯ ವಯಸ್ಸಿನಿಂದ ಹದಿನಾರರವರೆಗೆ ಪ್ರತಿನಿತ್ಯದ ಒಂದು ಗಂಟೆ ಏನು ಮಾಡೀತೆಂದು ಊಹಿಸಿ. ಪ್ರತಿನಿತ್ಯ ಆ ಗಂಟೆಯನ್ನು ಕಿತ್ತುಕೊಂಡರೆ ಏನಾದೀತೆಂಬುದನ್ನೂ ಊಹಿಸಿ.

‘ಲಿವರ್ ಕಾಯಿಲೆ’ ಎಂದೊಡನೆ ನಮ್ಮ ಜನ ಮೂಗಿಗೆ ಕೈ ಹಿಡಿದು ಹೆಂಡದ ಅಂಗಡಿಯ ಕಡೆ ನೋಡುತ್ತಾರೆ. ಕಾಫಿಯ ಹೊರತು ಇನ್ನೊಂದನ್ನು ಮುಟ್ಟದ ಗೃಹಸ್ಥನಿಗೆ, ಏಕಾದಶಿ ತಪ್ಪಿಸದ ಗೃಹಿಣಿಗೆ ಸ್ಕ್ಯಾನಿಂಗ್ ಮಾಡಿದವರು “ಲಿವರಿನಲ್ಲಿ ಕೊಬ್ಬಿದೆ” ಎಂದಾಗ ಅವರಿಗೆ ಆಶ್ಚರ್ಯ, ಮನೆಯವರಿಗೆ ಸಂಶಯ! ಈ ಕೊಬ್ಬಿಗೂ ಮದ್ಯಕ್ಕೂ ಸಂಬಂಧವಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಆಗ ಅದು ಕೊಟ್ಟ ಅಂದಾಜಿನಂತೆ ನಮ್ಮ ಜನರಲ್ಲಿ ನೂರಕ್ಕೆ 9ರಿಂದ 32 ಮಂದಿಗೆ ಇದಿದೆ. 2023ರಲ್ಲಿ ಜಗತ್ತಿನ ವೈದ್ಯರು ಸೇರಿ ಅದರ ಹೆಸರನ್ನೇ ಬದಲಿಸಿದರು. ‘ಮದ್ಯದಿಂದಲ್ಲದ’ ಎಂಬ ವಿಶೇಷಣವನ್ನು ಬಿಟ್ಟು, ದೇಹದ ಚಯಾಪಚಯಕ್ಕೆ ಸಂಬಂಧಿಸಿದ್ದೆಂದು ಸ್ಪಷ್ಟವಾಗಿ ಹೆಸರಿಟ್ಟರು. ಅದೇ ವರ್ಷ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಲಿವರಿನ ಕೊಬ್ಬೂ ರಕ್ತದ ಸಕ್ಕರೆಯೂ ಒಡಹುಟ್ಟಿದವು. ಒಂದು ಮನೆಗೆ ಬಂದರೆ ಇನ್ನೊಂದು ಬಾಗಿಲು ತಟ್ಟುತ್ತದೆ.

ಇದರ ಬೇರು ಬಾಲ್ಯದಲ್ಲಿದೆ ಎಂಬುದಕ್ಕೆ ಆಧಾರವೇನು? ಆಧಾರ ಶ್ರೀರಂಗಪಟ್ಟಣದಿಂದ ಹತ್ತು ಮೈಲಿ ದೂರದಲ್ಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು—‘ಮಿಷನ್ ಆಸ್ಪತ್ರೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ—ಕೇಳದವರಿಲ್ಲ. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಶ್ರದ್ಧೆಯಿಂದ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಹಾಗೆ 1954ರವರೆಗೆ ಹುಟ್ಟಿದವರಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶವಿದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೂ ಸೂಕ್ಷ್ಮವಾಗಿತ್ತು. ಉದ್ದ ಕಡಿಮೆಯಾಗಿ ಮೈ ದುಂಡಗಿದ್ದ ಶಿಶುಗಳೇ ದೊಡ್ಡವರಾದ ಮೇಲೆ ಹೆಚ್ಚಾಗಿ ಅದಕ್ಕೆ ಗುರಿಯಾಗಿದ್ದರು. ಐವತ್ತರ ಕಾಯಿಲೆಯ ಮೊದಲ ಸಾಲು ತೊಟ್ಟಿಲಿನ ಹೊತ್ತಿಗೇ ಬರೆದಿತ್ತು!

ಪುಣೆಯಿಂದ ಬಂದ ಸಾಕ್ಷ್ಯ ಇನ್ನೂ ಮಾರ್ಮಿಕವಾದದ್ದು. ಅಲ್ಲಿನ ಡಾ. ಚಿತ್ತರಂಜನ್ ಯಾಜ್ಞಿಕರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೂ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ನಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ ಇಬ್ಬರದೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೇ. ಆದರೆ ಆಂಗ್ಲರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರ ಮೈಯಲ್ಲಿ 21.2. ನಮ್ಮ ಮಕ್ಕಳನ್ನು ನೋಡಿ “ಪಾಪ, ಸಣಕಲು, ಇವನಿಗೇಕೆ ವ್ಯಾಯಾಮ? ಇನ್ನೆರಡು ತುತ್ತು ತಿನ್ನಲಿ” ಎನ್ನುವ ಅತ್ತೆ ಸೋದರಮಾವಂದಿರೆಲ್ಲ ಈ ಅಂಕಿಗಳನ್ನು ಗಮನಿಸಬೇಕು. ಮಗು ಹೊರಗೆ ಸಣಕಲಾಗಿದ್ದೇ ಒಳಗೆ ಕೊಬ್ಬಿರಬಹುದು. ಕೊರತೆಯಿರುವುದು ತುತ್ತಿನಲ್ಲಲ್ಲ, ಮಾಂಸಖಂಡದಲ್ಲಿ. ಮಾಂಸಖಂಡ ತುತ್ತಿನಿಂದ ಮಾತ್ರ ಬೆಳೆಯುವುದಿಲ್ಲ. ಓಟದಿಂದ, ನೆಗೆತದಿಂದ, ಹತ್ತಿ ಇಳಿಯುವುದರಿಂದ ಬೆಳೆಯುತ್ತದೆ.

ಇಷ್ಟು ಹೇಳಿದರೆ ಕೆಲವರು “ಹಾಗಾದರೆ ಎಲ್ಲ ಹುಟ್ಟಿನಲ್ಲೇ ಬರೆದದ್ದಾಯಿತು, ಹಣೆಬರಹ” ಎಂದು ಕೈ ತೊಳೆದುಕೊಳ್ಳುತ್ತಾರೆ. ನನ್ನ ವಾದದ ತಿರುಳು ಇಲ್ಲಿದೆ. ಹುಟ್ಟಿದ ತೂಕವನ್ನು ತಿದ್ದಲು ಯಾರಿಂದಲೂ ಆಗದು. ಐವತ್ತರ ಮೇಲೆ ತಿದ್ದಬಹುದು. ಆದರೆ ಆಗ ಮಾಡುವುದೆಲ್ಲ ಹಾನಿಯನ್ನು ತಡೆಯುವ ಕೆಲಸ. ಇವೆರಡರ ನಡುವೆ ಐದರಿಂದ ಹದಿನೆಂಟರವರೆಗಿನ ಕಾಲವೊಂದಿದೆಯಲ್ಲ, ಮೂಳೆಯೂ ಮಾಂಸಖಂಡವೂ ಕಟ್ಟಿಕೊಳ್ಳುವ ಆ ಕಾಲದಲ್ಲೇ ನಾವು ನಿಜವಾಗಿ ಕೈ ಹಾಕಬಹುದು. ಬಡಕಲು ಬೀಜ ಬಿದ್ದ ಗದ್ದೆಗೆ ಒಳ್ಳೆಯ ಆರಂಬ ಇನ್ನಷ್ಟು ಬೇಕು, ಕಡಿಮೆಯಲ್ಲ. ಹಗುರವಾಗಿ ಹುಟ್ಟುವ ಮಕ್ಕಳ ನಾಡಿನಲ್ಲಿ ಆಟ ಅಲಂಕಾರವಲ್ಲ, ಔಷಧ.

ಬಾಲ್ಯದ ಓಟವನ್ನು ದೇಹ ನೆನಪಿನಲ್ಲಿಟ್ಟುಕೊಳ್ಳುತ್ತದೆಯೆ? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ಲಿಗಿನ್ಸ್ ಸಂಸ್ಥೆಯವರು ಎಳೆಯ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟು, ಕೆಲವಕ್ಕೆ ಮಾತ್ರ ಎಳೆತನದಲ್ಲಿ ಓಡುವ ಚಕ್ರವನ್ನು ಒದಗಿಸಿ, ಆಮೇಲೆ ಅದನ್ನು ತೆಗೆದುಬಿಟ್ಟರು. ಚಕ್ರ ಹೋದ ಎಷ್ಟೋ ದಿನಗಳ ಮೇಲೂ ಓಡಿದ್ದ ಇಲಿಗಳ ಮೂಳೆಯ ಮಜ್ಜೆಯಲ್ಲಿ ಆ ಓಟದ ಗುರುತು ಉಳಿದಿತ್ತೆಂದು 2017ರಲ್ಲಿ ವರದಿ ಮಾಡಿದರು. ಇಲಿ ಮನುಷ್ಯನಲ್ಲ ಎಂಬುದು ನನಗೂ ಗೊತ್ತು. ಮನುಷ್ಯರ ಮಾತೇ ಬೇಕಾದರೆ ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯಲ್ಲಿ 1991-92ರಲ್ಲಿ ಹುಟ್ಟಿದ ಮಕ್ಕಳನ್ನು ನೋಡಿ. ಅವರನ್ನು ಇಂದಿಗೂ ಬಿಡದೆ ಹಿಂಬಾಲಿಸಿದ್ದಾರೆ. ಮೈಗೆ ಚಲನೆಯನ್ನು ಅಳೆಯುವ ಪುಟ್ಟ ಯಂತ್ರ ಕಟ್ಟಿದ್ದಾರೆ. ಬಾಲ್ಯದಲ್ಲಿ ದಿನಕ್ಕೆ ಸುಮಾರು ಆರು ಗಂಟೆ ಕುಳಿತಿರುತ್ತಿದ್ದವರು ಇಪ್ಪತ್ತನಾಲ್ಕರ ಹೊತ್ತಿಗೆ ಒಂಬತ್ತು ಗಂಟೆ ಕೂರುವವರಾದರು. ಆ ವಯಸ್ಸಿಗೆ ಪರೀಕ್ಷಿಸಿದಾಗ ಐವರಲ್ಲಿ ಒಬ್ಬರ ಲಿವರಿನಲ್ಲಿ ಕೊಬ್ಬು ಸೇರಿತ್ತು. ಹೆಚ್ಚು ಕುಳಿತವರಲ್ಲಿ ಹೆಚ್ಚು. ಇಪ್ಪತ್ತನಾಲ್ಕು ಎಂದರೆ ನಮ್ಮಲ್ಲಿ ಮದುವೆಗೆ ಜಾತಕ ಹೊರಡುವ ವಯಸ್ಸು. ಜಾತಕದಲ್ಲಿ ಲಿವರಿನ ಮನೆ ಇಲ್ಲದಿರುವುದು ಎಷ್ಟೋ ಜನರ ಪುಣ್ಯ!

ಹಾಗಾದರೆ ಆಟದ ಗಂಟೆಯನ್ನು ಕದ್ದವರು ಯಾರು? ಒಬ್ಬೊಬ್ಬರಾಗಿ ಕರೆಯೋಣ.

ಮೊದಲನೆಯ ಕಳ್ಳ ಪರೀಕ್ಷೆ. ನಮ್ಮ ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಓಡುವುದಕ್ಕೆ, ಈಜುವುದಕ್ಕೆ, ಬೆಟ್ಟ ಹತ್ತುವುದಕ್ಕೆ ಒಂದಂಕವೂ ಇಲ್ಲ. ಅಂಕವಿಲ್ಲದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಜಾಗವಿದ್ದರೂ ಮೈದಾನದಲ್ಲಿ ಜಾಗವಿಲ್ಲ. ಜಿಲ್ಲೆಯ ಫಲಿತಾಂಶ ಒಂದು ಸ್ಥಾನ ಕೆಳಗಿಳಿದರೆ ಸಾಕು, ಮೇಲಿನಿಂದ ಕೆಳಗಿನವರೆಗೆ ಗುಡುಗು. ಗುಡುಗಿದ ಮಾರನೆಯ ದಿನ ಆಟದ ಪೀರಿಯಡ್ಡು ‘ವಿಶೇಷ ತರಗತಿ’ಯಾಗುತ್ತದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ—ಯಾವುದೆಂದು ಹೇಳುವುದಿಲ್ಲ—ಜನವರಿಯಿಂದ ಮಾರ್ಚಿಯವರೆಗೆ ಚೆಂಡುಗಳನ್ನು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದರು. ನಾನು ಸಭೆಯಲ್ಲಿ ಎದ್ದು ನಿಂತು ಆಕ್ಷೇಪಿಸಿದರೆ “ಕನ್ನಡ ಮೇಷ್ಟರಿಗೇನು, ಅವರ ಪೇಪರು ಸುಲಭ” ಎಂದು ನಕ್ಕರು. ಆಡಿದರೆ ಅಂಕ ಕಡಿಮೆಯಾಗುತ್ತದೆ ಎಂಬ ನಂಬಿಕೆಗಾದರೂ ಆಧಾರವಿದೆಯೆ? ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಆಟಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಓದು ಹಿಂದೆ ಬೀಳುವುದಿಲ್ಲವೆಂದೇ ಹೇಳಿತು. ಮಗು ದಣಿದು ಬಂದು ಕುಳಿತರೆ ಪಾಠ ಕೇಳುತ್ತದೆ. ಕುಳಿತು ಕುಳಿತು ದಣಿದರೆ ತೂಕಡಿಸುತ್ತದೆ. ಮೂವತ್ತು ವರ್ಷ ತೂಕಡಿಕೆ ನೋಡಿದವನ ಮಾತಿದು.

ಎರಡನೆಯ ಕಳ್ಳ ಕಾನೂನು. ಕಾನೂನು ಕದಿಯುತ್ತದೆಯೆ ಎಂದು ಹುಬ್ಬೇರಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನವಿರತಕ್ಕದ್ದೆಂದು ಬರೆದಿದೆ, ಸಂತೋಷ. ಆದರೆ ದೈಹಿಕ ಶಿಕ್ಷಣ ಹೇಳಿಕೊಡುವವರ ವಿಷಯಕ್ಕೆ ಬಂದಾಗ ಅದೇ ಅನುಸೂಚಿ ಹೇಳುವುದೇನು? ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಒಬ್ಬ ಅರೆಕಾಲಿಕ ಬೋಧಕ. ಒಂದರಿಂದ ಐದನೆಯ ತರಗತಿಗೆ ಅದೂ ಇಲ್ಲ. ನಾಗಮಂಗಲದ ಒಳನಾಡಿನಲ್ಲಿ, ಕೆ.ಆರ್. ಪೇಟೆಯ ಗಡಿಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳ ಶಾಲೆಗಳೇ ಎಷ್ಟೋ. ಆ ಮಕ್ಕಳಿಗೆ ಕೈಕಾಲುಗಳಿಲ್ಲವೆ? ಅವರ ಲಿವರ್ ನೂರು ಮಂದಿ ಸೇರುವವರೆಗೆ ಕಾಯುತ್ತದೆಯೆ? ಹರಿಯಾಣದ ಹಳ್ಳಿಯೊಂದರ ಶಾಲಾ ಮೈದಾನದ ಒತ್ತುವರಿಯ ಮೊಕದ್ದಮೆಯಲ್ಲಿ, ಮೈದಾನವಿಲ್ಲದೆ ಶಾಲೆಯಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಿತು. ಮೇಷ್ಟರಿಲ್ಲದ ಮೈದಾನ ದನ ಮೇಯುವುದಕ್ಕೂ ಕಾರು ನಿಲ್ಲಿಸುವುದಕ್ಕೂ ಹೋಗುತ್ತದೆಂಬುದನ್ನು ಯಾವ ನ್ಯಾಯಾಲಯಕ್ಕೆ ಹೇಳೋಣ?

ಮೂರನೆಯದು ರಸ್ತೆ. ಇಲ್ಲಿ ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಆ ದಿನವನ್ನು ಈ ಸೀಮೆ ಮರೆತಿಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಸೀಮೆಯನ್ನು ಸೀಳಿಕೊಂಡು ಹೋಗುತ್ತದೆ; ನಾವು ಪೇಟೆಯವರು ಒಂದೂವರೆ ಗಂಟೆಯಲ್ಲಿ ಮೈಸೂರು ಮುಟ್ಟಿದೆವೆಂದು ಹಿಗ್ಗುತ್ತೇವೆ. ಆ ಮಗ್ಗುಲಿನ ಮಗು ಈ ಮಗ್ಗುಲಿನ ಶಾಲೆಗೆ ನಡೆದು ಬರಬೇಕಾದರೆ ಕೆಳಸೇತುವೆ ಹುಡುಕಬೇಕು. ಇಂಥ ಕಡೆ ಮಗುವನ್ನು ನಡೆಸಿ ಕಳಿಸಿ ಎಂದು ಉಪದೇಶಿಸುವುದು ನಿರ್ದಯೆ. ಆದರೆ ಅದಕ್ಕೆ ಪರಿಹಾರ ಮಗುವನ್ನು ಕೂಡಿಹಾಕುವುದಲ್ಲ. ನಾಲೆಗೆ ತಡೆಗೋಡೆ, ರಸ್ತೆಗೆ ಕಾಲುದಾರಿ.

ನಾಲ್ಕನೆಯ ಕಳ್ಳತನವಂತೂ ಹಗಲು ದರೋಡೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡಲು ಆರಂಭಿಸಿತು. ಮಕ್ಕಳು ಶಾಲೆ ಬಿಡದಿರಲಿ ಎಂಬುದು ಉದ್ದೇಶ. ಆದರೆ ಸರ್ಕಾರ ತನಗೇ ತಿಳಿಯದಂತೆ ಒಂದು ಮಹಾ ಔಷಧವನ್ನು ಹಂಚುತ್ತಿತ್ತು. ಎಂಟನೆಯ ತರಗತಿಯ ಹುಡುಗಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ಪೆಡಲ್ ತುಳಿದರೆ ಮಾಂಸಖಂಡಕ್ಕೂ ಲಿವರಿಗೂ ಅದಕ್ಕಿಂತ ಅಗ್ಗದ ಚಿಕಿತ್ಸೆ ಇನ್ನಾವುದಿದೆ? ಪಾಂಡವಪುರದ ನಾಲೆಯ ಏರಿಯ ಮೇಲೆ ಸಂಜೆ ನಾಲ್ಕೂವರೆಗೆ ನೀಲಿ ಲಂಗದ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಬರುತ್ತಿದ್ದ ಆ ವರ್ಷಗಳು ನನಗೆ ಈ ಜಿಲ್ಲೆಯ ಸುವರ್ಣಯುಗವಾಗಿ ತೋರುತ್ತವೆ. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ನಿಂತದ್ದಕ್ಕೆ ಒಂದು ದೊಡ್ಡ ಕೂಗೂ ಏಳಲಿಲ್ಲ. ಉಚಿತವಾದದ್ದು ಹೋದರೆ ಅಳುವವರಿದ್ದಾರೆ. ಉಪಯುಕ್ತವಾದದ್ದು ಹೋದರೆ ಅಳುವವರಿಲ್ಲ.

ಇನ್ನು ಐದನೆಯವರು ನಾವೇ, ತಂದೆತಾಯಿಗಳು. ಒಬ್ಬ ರೈತರು ನನ್ನನ್ನು ಕೇಳಿದ ಪ್ರಶ್ನೆ ನೆನಪಿದೆ: “ಆಟ ಆಡ್ಕಂಡಿರಕ್ಕೆ ನಾವೇನ್ ಸಾಲ ಮಾಡಿ ಫೀಸ್ ಕಟ್ಟಿದೀವಾ ಮೇಷ್ಟ್ರೇ?” ಪ್ರಶ್ನೆ ನ್ಯಾಯವಾದದ್ದೇ. ಮೈಮುರಿದು ದುಡಿದ ತಲೆಮಾರಿಗೆ, ತಮ್ಮ ಮಗ ನೆರಳಿನಲ್ಲಿ ಕೂರುವುದೇ ಮೋಕ್ಷ. ನಾನು ಅವರಿಗೆ ಹೇಳಿದ್ದಿಷ್ಟು: “ನಿಮ್ಮ ಕರುವನ್ನು ಹುಟ್ಟಿದಾಗಿನಿಂದ ಗೂಟಕ್ಕೆ ಕಟ್ಟಿ ಮೇಯಿಸಿ, ನಾಲ್ಕು ವರ್ಷದ ಮೇಲೆ ನೊಗಕ್ಕೆ ಹೂಡಿದರೆ ಉಳುತ್ತದೆಯೇ ಗೌಡರೆ?” ಅವರು ನಕ್ಕರು, ಮಾರನೆಯ ದಿನ ಮಗನನ್ನು ಆಟಕ್ಕೆ ಬಿಟ್ಟರು. ಹಳ್ಳಿಯ ತಂದೆಗೆ ಅರ್ಥವಾದದ್ದು ಪೇಟೆಯ ಡಿಗ್ರಿಯ ತಂದೆಗೆ ಅರ್ಥವಾಗದು. ಅವರು ಕರು ಸಾಕಿದವರಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಿಂದಿನ ಕಾಲವೇ ಚೆನ್ನಾಗಿತ್ತು, ಗರಡಿಮನೆ, ಸಾಮು, ಬಸ್ಕಿಗಳಿಂದ ಎಲ್ಲರೂ ಭೀಮರಾಗಿದ್ದರು ಎಂದು ಹಾಡುವವರ ಮೇಳದಲ್ಲಿ ನಾನಿಲ್ಲ. ಗರಡಿಗೆ ಹೋಗುತ್ತಿದ್ದವರು ಊರಿನ ಹತ್ತು ಹುಡುಗರು. ಹೆಣ್ಣುಮಕ್ಕಳಿಗೆ ಅದರ ಬಾಗಿಲೇ ಇರಲಿಲ್ಲ. ಆಲೆಮನೆಯಲ್ಲಿ ಕಬ್ಬು ಹೊತ್ತ ಮಗು, ಅರೆಹೊಟ್ಟೆಯಲ್ಲಿ ಕಳೆ ಕಿತ್ತ ಮಗು ವ್ಯಾಯಾಮ ಮಾಡಲಿಲ್ಲ, ಸವೆಯಿತು. ದುಡಿಮೆ ಬೇರೆ, ಆಟ ಬೇರೆ. ಹೊಟ್ಟೆ ತುಂಬಿದ ಮಗು, ತನ್ನ ಸಂತೋಷಕ್ಕಾಗಿ, ಜೊತೆಗಾರರೊಡನೆ ಉಸಿರು ಬಿಗಿಯುವವರೆಗೆ ಓಡುವುದು ಆಟ. ಹಿಂದೆ ಆಡಲು ಕಾಲಿತ್ತು, ತಿನ್ನಲು ಅನ್ನವಿರಲಿಲ್ಲ. ಈಗ ಶಾಲೆಯಲ್ಲಿ ಹಾಲು, ಮೊಟ್ಟೆ, ಬಿಸಿಯೂಟ ಎಲ್ಲ ಬಂದಿದೆ, ಆಟ ಹೋಗಿದೆ. ಎರಡನ್ನೂ ಕೂಡಿಸಿ ಕೊಡುವ ಶಕ್ತಿ ಈ ನಾಡಿನ ಇತಿಹಾಸದಲ್ಲಿ ಮೊದಲ ಬಾರಿಗೆ ನಮಗೆ ಬಂದಿರುವಾಗ, ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು ಬುದ್ಧಿವಂತಿಕೆಯೆ?

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಹೆಣ್ಣುಮಕ್ಕಳಿಗೆ. ಐದನೆಯ ತರಗತಿಯವರೆಗೆ ಹುಡುಗರ ಸಮಕ್ಕೆ ಖೋಖೋ ಆಡಿದ ಹುಡುಗಿ ಏಳನೆಯ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿಗೆ ಸರಿಯುತ್ತಾಳೆ. ಒಂಬತ್ತರಲ್ಲಿ ಮರದ ನೆರಳಿನಲ್ಲಿ ಕುಳಿತು ಹುಡುಗರ ಆಟಕ್ಕೆ ಅಂಕ ಬರೆಯುತ್ತಾಳೆ. ಬಟ್ಟೆ, ಶೌಚಾಲಯ, ನೋಡುವವರ ಕಣ್ಣು, ಮನೆಯವರ ಮಾತು—ಎಲ್ಲ ಸೇರಿ ಅವಳನ್ನು ಕೂಡಿಸುತ್ತವೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ ಹನ್ನೊಂದರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಜಗತ್ತಿನಾದ್ಯಂತ ನೂರಕ್ಕೆ 81 ಮಂದಿ ಸಾಕಷ್ಟು ಮೈದಣಿಸುವುದಿಲ್ಲ. ಭಾರತದಲ್ಲಿ ನಾಲ್ವರಲ್ಲಿ ಸುಮಾರು ಮೂವರು. ಹುಡುಗಿಯರು ಹುಡುಗರಿಗಿಂತ ಹಿಂದೆ.

ಅವಳು ಕುಳಿತರೆ ಕುಳಿತದ್ದು ಅವಳೊಬ್ಬಳೇ ಅಲ್ಲ. ಮೈಸೂರಿನ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸಿದರು. ನೂರಕ್ಕೆ ಆರು ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿತ್ತು. ಆ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷವಾಗುವ ಹೊತ್ತಿಗೆ ಉಳಿದವರಿಗಿಂತ ಮೈಯಲ್ಲಿ ಹೆಚ್ಚು ಕೊಬ್ಬು, ರಕ್ತದಲ್ಲಿ ಹೆಚ್ಚು ಸಕ್ಕರೆ, ಹೆಚ್ಚು ಇನ್ಸುಲಿನ್. ಮಗು ಇನ್ನೂ ನಾಲ್ಕನೆಯ ತರಗತಿಯಲ್ಲಿದೆ. ಕಾಯಿಲೆಯ ನೆರಳು ಆಗಲೇ ಬಿದ್ದಿದೆ. ಎಂದ ಮೇಲೆ ಇಂದು ಮರದಡಿಯಲ್ಲಿ ಕುಳಿತ ಹುಡುಗಿಗೆ ಕಾಲಾಡಿಸಲು ಅವಕಾಶ ಕೊಡುವುದೆಂದರೆ ಎರಡು ತಲೆಮಾರಿಗೆ ಒಟ್ಟಿಗೆ ಔಷಧ ಕೊಟ್ಟಂತೆ. ಎರಡು ತಲೆಮಾರಿನ ಲಿವರಿಗಿಂತ ನಮಗೆ ಅವಳ ದುಪಟ್ಟ ಸರಿಯಾಗಿರುವುದೇ ಮುಖ್ಯವಾಗಿದೆಯಲ್ಲ, ಇದಕ್ಕೇನು ಹೇಳೋಣ!

ಬೈದದ್ದಾಯಿತು, ಬೇಡಿಕೆಯೇನು? ಬಹಳವಿಲ್ಲ. ಐದರಿಂದ ಹದಿನೇಳರವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆ ಅರವತ್ತು ನಿಮಿಷವನ್ನು ಶಾಲೆಯ ವೇಳಾಪಟ್ಟಿಯಲ್ಲಿ ಗಣಿತದಷ್ಟೇ ಗೌರವದಿಂದ ಬರೆಯಿರಿ. ಮಾರ್ಚಿ ಬಂದರೂ ಅಳಿಸಬೇಡಿ. ನೂರು ಮಕ್ಕಳಿಲ್ಲದ ಶಾಲೆಗಳಿಗೆ ನಾಲ್ಕೈದು ಊರುಗಳಿಗೆ ಒಬ್ಬರಂತೆ ದೈಹಿಕ ಶಿಕ್ಷಕರನ್ನು ಕೊಡಿ. ಅರೆಕಾಲಿಕರಲ್ಲ, ಉಳಿದ ಉಪಾಧ್ಯಾಯರ ಸಮಾನರಾದ ಮೇಷ್ಟರುಗಳನ್ನು. ಹುಡುಗಿಯರಿಗೆ ಮೈದಾನದ ಅರ್ಧವನ್ನು ಗೆರೆ ಎಳೆದು ಬಿಟ್ಟುಕೊಡಿ. ಸೈಕಲನ್ನು ಮರಳಿ ಕೊಡಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಸುತ್ತಲಿನ ಶಾಲೆಗಳಿಗೆ ಬಂದು ಮಕ್ಕಳ ಸೊಂಟದ ಸುತ್ತಳತೆಯನ್ನೂ ಓಟದ ದಮ್ಮನ್ನೂ ಬರೆದಿಡಲಿ. 1934ರ ದಾದಿಯರು ಬರಿಯ ತಕ್ಕಡಿ, ಪೆನ್ನು ಹಿಡಿದು ಮಾಡಿದ್ದನ್ನು ನಾವು ಮಾಡಲಾರೆವೆ?

ಪೇಟೆಯ ವಾಚಕರಿಗೆ ಒಂದು ವಿಶೇಷ ಬಿನ್ನಹ. ನಿಮ್ಮಲ್ಲಿ ಎಷ್ಟೋ ಮಂದಿ ಈ ನಾಲ್ಕು ತಾಲ್ಲೂಕುಗಳ ಮಣ್ಣಿನಿಂದ ಎದ್ದು ಬಂದವರು. ಸಂಕ್ರಾಂತಿಗೋ ಯುಗಾದಿಗೋ ಊರಿಗೆ ಹೋದಾಗ ಓದಿದ ಶಾಲೆಗೆ ಏನಾದರೂ ಕೊಡಬೇಕೆನ್ನಿಸುತ್ತದೆ. ಹೆಸರು ಕೆತ್ತಿದ ಕಮಾನನ್ನೋ ಗೋಡೆ ಗಡಿಯಾರವನ್ನೋ ಕೊಡುತ್ತೀರಿ. ಈ ಬಾರಿ ಅದನ್ನು ಬಿಡಿ. ಮುಳ್ಳು ಬೆಳೆದ ಮೈದಾನವನ್ನು ಒಂದು ದಿನ ಟ್ರ್ಯಾಕ್ಟರು ತರಿಸಿ ಸಮ ಮಾಡಿಸಿ. ಎರಡು ಕಬಡ್ಡಿ ಅಂಕಣ, ಒಂದು ಖೋಖೋ ಕಂಬ, ಹತ್ತು ಚೆಂಡು, ಹುಡುಗಿಯರಿಗೊಂದು ನೀರಿರುವ ಶೌಚಾಲಯ. ಮುಖ್ಯೋಪಾಧ್ಯಾಯರನ್ನು ಕಂಡು “ಫಲಿತಾಂಶ ಎಷ್ಟು?” ಎಂದು ಕೇಳುವುದರ ಜೊತೆಗೆ “ಈ ವಾರ ಮಕ್ಕಳು ಎಷ್ಟು ಗಂಟೆ ಆಡಿದರು?” ಎಂದೂ ಕೇಳಿ. ಎರಡನೆಯ ಪ್ರಶ್ನೆಯನ್ನು ಇದುವರೆಗೆ ಅವರನ್ನು ಯಾರೂ ಕೇಳಿಲ್ಲ. ಹತ್ತು ಜನ ಕೇಳಿದರೆ ಬೀರುವಿನ ಬೀಗ ತಾನಾಗಿ ಬಿಚ್ಚುತ್ತದೆ.